ಕೂಸಿನ ಹೆಜ್ಜೆಗೆ ತಕ್ಕ ಓಣಿ

ಹಲಸಿಯ ಭೂವರಾಹ ನರಸಿಂಹ ದೇವಾಲಯದ ಅಂಗಳದಲ್ಲಿ ಸಂಜೆಯ ಹೊತ್ತು ಒಂದಿಷ್ಟು ಕುಳಿತರೆ ಸಾಕು, ಆ ಊರಿನ ಸುಖ ಯಾವುದೆಂದು ತಿಳಿಯುತ್ತದೆ. ಒಳಗೆ ಎದುರುಬದುರಾಗಿ ಎರಡು ಗರ್ಭಗುಡಿ. ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ, ಇನ್ನೊಂದು ಬದಿಗೆ ನಾರಾಯಣ, ನರಸಿಂಹರ ಸನ್ನಿಧಿ. ಹೊರಗೆ ಈಗಷ್ಟೇ ತಪ್ಪು ಹೆಜ್ಜೆ ಇಡಲು ಕಲಿತ ಕೂಸುಗಳ ಓಡಾಟ. ಬಿದ್ದರೆ ಎತ್ತಲು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಮನೆ, ಗುಡಿ, ಅಂಗಡಿ, ಶಾಲೆ ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿಯೇ ಇರುವ ಊರು ಅದು.

ಇಂದು ಸಣ್ಣ ಹಳ್ಳಿಯಂತೆ ಕಾಣುವ ಈ ಊರು ಒಂದು ಕಾಲಕ್ಕೆ ಪಲಾಶಿಕೆ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿ. ಮುಂದೆ ಗೋವೆಯ ಕದಂಬರ ಆಳ್ವಿಕೆಗೆ ಬಂದಾಗ 12ನೆಯ ಶತಮಾನದಲ್ಲಿ ಈಗಿನ ದೇವಾಲಯ ವೈಭವ ಕಂಡಿತು. ಹಲಸಿಯಲ್ಲಿ ದೊರೆತ ತಾಮ್ರಪಟಗಳು ಇನ್ನೂ ಹಳೆಯ ಸಂಗತಿ ಹೇಳುತ್ತವೆ. ಮೃಗೇಶವರ್ಮ ಇಲ್ಲಿ ಜಿನಾಲಯ ಕಟ್ಟಿಸಿ ಭೂಮಿ ಬಿಟ್ಟ. ಅವನ ಮಗ ರವಿವರ್ಮ ಹಾಕಿಕೊಟ್ಟ ಕಟ್ಟಳೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ನಡೆಯಬೇಕೆಂಬ ಮಾತಿದೆ. ವರ್ಷವಿಡೀ ನಡೆಯುತ್ತಲೇ ಇರುವ ಯತಿಗಳೂ ಮಳೆಗಾಲದಲ್ಲಿ ಒಂದೆಡೆ ನೆಲೆ ನಿಲ್ಲಬೇಕು. ಆ ನೆಲೆ ಎಂಥದ್ದೆಂಬ ಚಿಂತೆ ಈ ಊರಿಗೆ ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದು.

ಇಂದು ಆ ಚಿಂತೆ ಬೇರೆ ರೂಪದಲ್ಲಿ ಬರುತ್ತದೆ. ಖಾನಾಪುರ ತಾಲ್ಲೂಕಿನ ಹಳ್ಳಿಗಳ ಅನೇಕ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳ ಮಾತು ಒಂದೇ: ಬೆಳಗಾವಿಯಲ್ಲಿ ಬಾಡಿಗೆ ಮನೆ. ಮೈದುನನಿಗೆ ಕಾಲೇಜು, ಗಂಡನಿಗೆ ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ಕೆಲಸ, ಜೊತೆಗೆ ಎರಡು ವರ್ಷದ ಕೂಸು. ಅಡುಗೆಗೂ ಕೂಸಿನ ಆರೈಕೆಗೂ ಅಜ್ಜಿ. ಒಂದೇ ಬಾಡಿಗೆಯಲ್ಲಿ ಇಷ್ಟು ಜನರ ಬದುಕು ಸಾಗಬೇಕು. ಕಾಲೇಜು ಹತ್ತಿರವೇ, ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅಜ್ಜಿ ಮಾತ್ರ ಬೇರೆಯದನ್ನು ಕೇಳುತ್ತಾಳೆ: “ಮನಿ ಛಲೋ ಐತಿ, ಖರೆ. ಕೂಸು ಎಲ್ಲಿ ಅಡ್ಡಾಡಬೇಕು?” ಮನೆ ಹುಡುಕುವವರಲ್ಲಿ ಹೆಚ್ಚಿನವರು ಈ ಪ್ರಶ್ನೆಯನ್ನು ಮುಂಗಡ ಕೊಟ್ಟ ಮೇಲೆ ಕೇಳಿಕೊಳ್ಳುತ್ತಾರೆ.

ಅಗಸಿಯೊಳಗಿನ ಊರು

ಹಲಸಿಯಿಂದ ಹೊರಟ ಬಸ್ಸು ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡವನ್ನು ಹಾಯ್ದು ಮಲಪ್ರಭೆಯ ದಂಡೆಯ ಖಾನಾಪುರ ಸೇರುತ್ತದೆ. ಅಲ್ಲಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಪೀರನವಾಡಿ, ಉದ್ಯಮಬಾಗ ದಾಟಿ ಟಿಳಕವಾಡಿಗೆ ಬಂದರೆ ಪಟ್ಟಣ ಶುರುವಾಯಿತು.

ಬೆಳಗಾವಿಯ ಹಳೆಯ ಪೇಟೆಗೆ ಇನ್ನೂ ಅಗಸಿಗಳ ನೆನಪಿದೆ. ಗೋವಾವೇಸ್, ಬೋಗಾರವೇಸ್, ಕಾಕತಿವೇಸ್. ವೇಸ್ ಎಂದರೆ ಮರಾಠಿಯಲ್ಲಿ ಊರ ಅಗಸಿ. ಗೋವಾವೇಸ್ ಈಗ ಬಸವೇಶ್ವರ ವೃತ್ತ, ಬೋಗಾರವೇಸ್ ಈಗ ಧರ್ಮವೀರ ಸಂಭಾಜಿ ಚೌಕ. ಆದರೂ ರಿಕ್ಷಾದವರಿಗೆ ಹಳೆಯ ಹೆಸರೇ ಬೇಗ ತಿಳಿಯುತ್ತದೆ. ಗಣಪತ ಗಲ್ಲಿ, ಮಾರುತಿ ಗಲ್ಲಿ, ರಾಮಲಿಂಗಖಿಂಡ ಗಲ್ಲಿ, ಖಡೇಬಜಾರ, ಇವೆಲ್ಲ ಕಾಲ್ನಡಿಗೆಗೆಂದೇ ಹುಟ್ಟಿದ ದಾರಿಗಳು. ಹಾಲು, ಕಾಯಿಪಲ್ಲೆ, ಔಷಧಿ, ಹಿಟ್ಟಿನ ಗಿರಣಿ ಎಲ್ಲವೂ ನಾಲ್ಕು ಹೆಜ್ಜೆಯಲ್ಲಿ. ಕುಂದಾ ತರಲು ಚಪ್ಪಲಿ ಮೆಟ್ಟಿದರೆ ಸಾಕು.

ಆದರೆ ಗೋಡೆಗೆ ಗೋಡೆ ಹತ್ತಿದ ಈ ಮನೆಗಳಿಗೆ ಅಂಗಳವಿಲ್ಲ. ಹೊಸ್ತಿಲು ದಾಟಿದರೆ ರಸ್ತೆ. ಹತ್ತೂವರೆಯ ನಂತರ ಸ್ಕೂಟರುಗಳ ಸಾಲು, ರವಿವಾರಪೇಟೆಯ ಸುತ್ತ ಸರಕಿನ ಲಾರಿಗಳು. ಗಣೇಶೋತ್ಸವದ ದಿನಗಳಲ್ಲಿ ಮೆರವಣಿಗೆಯ ದಾರಿಯ ಮನೆಗಳಲ್ಲಿ ಕೂಸು ಮಲಗುವುದು ಬಲು ಕಷ್ಟ. ಓದುವ ಹುಡುಗನೂ ಪುಸ್ತಕ ಮುಚ್ಚಿಡಬೇಕಾಗುತ್ತದೆ. ಹಾಗೆಂದು ಹಳೆಯ ಪೇಟೆಯನ್ನು ತಳ್ಳಿಹಾಕುವಂತಿಲ್ಲ. ಮುಖ್ಯ ಬೀದಿಯಿಂದ ಒಳಗೆ ಸರಿದ, ಆಚೆ ತುದಿ ಮುಚ್ಚಿದ ಬೋಳಗಳಲ್ಲಿ ವಾಹನ ಬರುವುದಿಲ್ಲ. ಅಕ್ಕಪಕ್ಕದವರ ಕಣ್ಣು ಕೂಸಿನ ಮೇಲೆ ಇರುತ್ತದೆ. ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ, ಮತ್ತೊಬ್ಬರು ಉರ್ದುವಿನಲ್ಲಿ ಕರೆಯುವ ಓಣಿಯಲ್ಲಿ ಬೆಳೆದ ಕೂಸಿಗೆ ಮೂರು ಭಾಷೆ ತಾನಾಗಿ ಬರುತ್ತದೆ.

ಗೇಟುಗಳ ಬಡಾವಣೆ

ಖಾನಾಪುರದ ಕಡೆಯವರಿಗೆ ಟಿಳಕವಾಡಿ ಮೊದಲಿನಿಂದಲೂ ಮೆಚ್ಚಿನ ಜಾಗ. ಊರಿನ ಬಸ್ಸು ಈ ದಾರಿಯಲ್ಲೇ ಹೋಗುತ್ತದೆ ಎಂಬುದು ಒಂದು ಕಾರಣ. ರಾಣಿ ಪಾರ್ವತಿದೇವಿ ಕಾಲೇಜು, ಜಿ.ಎಸ್.ಎಸ್. ಕಾಲೇಜು ಇಲ್ಲೇ ಇರುವುದು ಇನ್ನೊಂದು. ಗೋಗಟೆ ತಾಂತ್ರಿಕ ಮಹಾವಿದ್ಯಾಲಯವೂ ಉದ್ಯಮಬಾಗದಲ್ಲಿ ಹತ್ತಿರವೇ. ಸೋಮವಾರಪೇಟೆ, ಮಂಗಳವಾರಪೇಟೆ, ಗುರುವಾರಪೇಟೆ, ಶುಕ್ರವಾರಪೇಟೆ ಎಂದು ವಾರಗಳ ಹೆಸರು ಹೊತ್ತ ಓಣಿಗಳು ನೇರವಾಗಿವೆ. ಮರಗಳ ನೆರಳಿದೆ. ಹಳೆಯ ಮನೆಗಳಿಗೆ ಕಾಂಪೌಂಡು, ಒಂದೆರಡು ತೆಂಗು, ಹಿಂದೊಂದು ಬಾವಿ.

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಸೇರಿದ್ದು ಈ ಭಾಗದಲ್ಲಿಯೇ. ಬಂದವರಿಗೆ ನೀರು ಬೇಕೆಂದು ತೋಡಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಹೆಸರಾಗಿದೆ. ಪಕ್ಕದಲ್ಲಿ ವೀರಸೌಧವಿದೆ. ವ್ಯಾಕ್ಸಿನ್ ಡಿಪೋದ ವಿಶಾಲ ಆವರಣದ ಮರಗಳ ಕೆಳಗೆ ಬೆಳಗಿನ ವಾಯುವಿಹಾರಕ್ಕೆ ಬರುವವರು ಬಹಳ. ಲೇಲೆ ಮೈದಾನದಲ್ಲಿ ಹುಡುಗರ ಆಟ. ಕೂಸು, ಕಾಲೇಜು ಹುಡುಗ, ಅಜ್ಜಿ ಮೂವರಿಗೂ ಒಂದೊಂದು ಆಸರೆ ಇಲ್ಲಿದೆ.

ಇಷ್ಟೆಲ್ಲ ಇದ್ದ ಮೇಲೆ ಬಾಡಿಗೆ ಏರುವುದು ಸಹಜ. ಇನ್ನೊಂದು ತೊಡಕು ರೈಲು ಹಳಿ. ಮೊದಲನೆಯ ಗೇಟು, ಎರಡನೆಯ ಗೇಟು, ಮೂರನೆಯ ಗೇಟು ಎಂದು ಜನ ವಿಳಾಸ ಹೇಳುವುದೇ ಹಳಿಯ ಲೆಕ್ಕದಲ್ಲಿ. ಮೂರನೆಯ ಗೇಟಿನಲ್ಲಿ ಮೇಲ್ಸೇತುವೆ ಬಂದಿದೆ. ಆದರೆ ಮೇಲ್ಸೇತುವೆ ವಾಹನಕ್ಕೆ ಕೊಟ್ಟ ಅನುಕೂಲವನ್ನು ಕಾಲ್ನಡಿಗೆಯವರಿಗೆ ಅಷ್ಟೇ ಕೊಡುತ್ತದೆಂದು ತಿಳಿಯಬಾರದು. ಮನೆ ಹಳಿಯ ಈಚೆ, ಅಂಗನವಾಡಿ ಮತ್ತು ಕಾಯಿಪಲ್ಲೆ ಪೇಟೆ ಆಚೆ ಎಂದಾದರೆ ದಿನಕ್ಕೆ ಎರಡು ಸಲ ಕೂಸನ್ನು ಸೊಂಟದ ಮೇಲೆ ಹೊತ್ತೇ ದಾಟಬೇಕು. ಎಲ್ಲವೂ ಹಳಿಯ ಒಂದೇ ಬದಿಗೆ ಇರುವಂತೆ ನೋಡಿಕೊಳ್ಳುವುದು ಜಾಣತನ.

ಮಗ್ಗದ ಓಣಿಗಳು, ಹೊಸ ಬಡಾವಣೆಗಳು

ಕೈಯಲ್ಲಿ ಹಣ ಕಡಿಮೆ ಇದ್ದವರು ಶಹಾಪುರ, ಖಾಸಬಾಗ, ವಡಗಾವಿಯ ಕಡೆ ತಿರುಗುತ್ತಾರೆ. 1948ರ ವಿಲೀನದವರೆಗೆ ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅದರಿಂದಲೇ ಇಂದಿಗೂ ಅದಕ್ಕೆ ತನ್ನದೇ ಪೇಟೆ, ತನ್ನದೇ ಗುಡಿ, ತನ್ನದೇ ಸೀರೆಯ ಹೆಸರು. ನೇಕಾರರ ಓಣಿಗಳಲ್ಲಿ ಮಗ್ಗದ ಸಪ್ಪಳ ದಿನವಿಡೀ ಇರುತ್ತದೆ. ಮೊದಲ ವಾರ ಅದು ತಲೆನೋವು, ಎರಡನೆಯ ತಿಂಗಳಿಗೆ ಕೂಸಿಗೆ ಅದೇ ಜೋಗುಳ ಎಂದು ಹೇಳುವವರಿದ್ದಾರೆ. ಆದರೆ ನಾಳೆ ಪರೀಕ್ಷೆಯಿರುವ ಹುಡುಗನಿಗೆ ಆ ಸಪ್ಪಳ ಒಗ್ಗುವುದೇ ಎಂದು ಅವನನ್ನೇ ಕೇಳಬೇಕು. ಹಗಲು ಹೊತ್ತು ಗಂಡಸರೂ ಮನೆಯಲ್ಲಿಯೇ ದುಡಿಯುವುದರಿಂದ ಓಣಿ ಎಂದೂ ಬಿಕೋ ಎನ್ನುವುದಿಲ್ಲ.

ಕ್ಯಾಂಪಿನ ರಸ್ತೆಗಳು ಅಗಲ, ಮರಗಳು ಹಳೆಯವು, ಗದ್ದಲ ಕಡಿಮೆ. ಆದರೆ ದಂಡಿನ ಪ್ರದೇಶವಾದ್ದರಿಂದ ಬಾಡಿಗೆ ಮನೆ ಸುಲಭಕ್ಕೆ ಸಿಗದು. ಲಿಂಗರಾಜ ಕಾಲೇಜಿಗೆ ಹೋಗುವವರು ಕಾಲೇಜು ರಸ್ತೆಯ ಸುತ್ತ, ವೈದ್ಯಕೀಯ ಓದುವವರು ನೆಹರೂ ನಗರದ ಸುತ್ತ ಕೋಣೆ ಹಿಡಿಯುತ್ತಾರೆ. ಪುಣೆ–ಬೆಂಗಳೂರು ಹೆದ್ದಾರಿಯ ಆಚೆಗೆ ಬೆಳೆದ ಹೊಸ ಬಡಾವಣೆಗಳಲ್ಲಿ ಗಾಳಿ ಬೆಳಕು ಧಾರಾಳ, ಮನೆಗಳೂ ಹೊಸವು. ಆದರೆ ಹಾಲಿಗೆ ಸ್ಕೂಟರು, ಔಷಧಿಗೆ ಸ್ಕೂಟರು. ಸ್ಕೂಟರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದ ತಾಯಿ, ಅಜ್ಜಿ, ಕೂಸಿಗೆ ದೊಡ್ಡ ಮನೆಯೇ ಪಂಜರ. ಕಡಿಮೆ ಬಾಡಿಗೆಯಲ್ಲಿ ಉಳಿದ ಹಣ ಪೆಟ್ರೋಲಿಗೂ ರಿಕ್ಷಾಕ್ಕೂ ಹೋಗುವ ಲೆಕ್ಕವನ್ನು ಮೊದಲೇ ಹಾಕಿ ನೋಡಬೇಕು.

ಮೇ ತಿಂಗಳ ಮೋಸ

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ ಇದೆ. ಮನೆ ಹುಡುಕುವುದು ಮೇ ತಿಂಗಳಲ್ಲಿ. ಆಗ ಗಟಾರು ಒಣಗಿರುತ್ತದೆ, ಓಣಿ ಸ್ವಚ್ಛವಾಗಿ ಕಾಣುತ್ತದೆ, ಗೋಡೆಗೆ ಸುಣ್ಣ ಹೊಸದು. ಕೂಸು ನಡೆಯಬೇಕಾದದ್ದು ಜುಲೈ ತಿಂಗಳ ಓಣಿಯಲ್ಲಿ. ಸಹ್ಯಾದ್ರಿಯ ಮಗ್ಗುಲಲ್ಲಿರುವ ಈ ನಗರದ ಮಳೆ ಹಿಡಿದರೆ ಬಿಡುವಂಥದ್ದಲ್ಲ. 2019ರ ಆಗಸ್ಟಿನಲ್ಲಿ ನಗರದ ಅನೇಕ ತಗ್ಗು ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತ್ತು. ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾಲೀಕರನ್ನಲ್ಲ, ಓಣಿಯ ಕಿರಾಣಿ ಅಂಗಡಿಯವರನ್ನು ಕೇಳಬೇಕು. ಗೋಡೆಯ ಮೇಲಿನ ಗುರುತು ಕೈಯಿಟ್ಟು ತೋರಿಸುತ್ತಾರೆ.

ಎರಡನೆಯ ಮಾತು ಕುಡಿಯುವ ನೀರಿನದು. ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ನಗರಕ್ಕೆ ನೀರು ಬರುತ್ತದೆ. 2008ರ ಸುಮಾರಿಗೆ 58 ವಾರ್ಡುಗಳ ಪೈಕಿ 10ರಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದು ದೇಶದ ಗಮನ ಸೆಳೆಯಿತು. ನೋಡುತ್ತಿರುವ ಮನೆಗೆ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ನೀರು ಬರುತ್ತದೆಂಬುದನ್ನು ನೆರೆಮನೆಯ ಹೆಂಗಸರಿಂದ ತಿಳಿಯುವುದು ಒಳ್ಳೆಯದು. ಬಾವಿಯಿದ್ದರೆ ಅದರ ಬಾಯಿಗೆ ಜಾಳಿಗೆ ಇದೆಯೇ, ಗಟಾರಿಗೆ ಹಾಸುಗಲ್ಲು ಇದೆಯೇ, ಮಾಳಿಗೆಯ ಕಟ್ಟೆ ಕೂಸಿನ ಎದೆಯಿಂದ ಮೇಲಿದೆಯೇ ಎಂದು ಕಣ್ಣಾರೆ ನೋಡಬೇಕು.

2016ರಲ್ಲಿ ಬೆಳಗಾವಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಒಂದಾಯಿತು. ಕೆಲವು ರಸ್ತೆಗಳಿಗೆ ಒಳ್ಳೆಯ ಪಾದಚಾರಿ ದಾರಿ ಬಂತು. ಅದರ ಮೇಲೆ ವಾಹನ ನಿಲ್ಲಿಸದಿದ್ದರೆ ಮಾತ್ರ ಅದು ಪಾದಚಾರಿ ದಾರಿ. ಆದ್ದರಿಂದ ಮುಂಗಡ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಬಹುದು. ಕೂಸನ್ನೇ ಕರೆದುಕೊಂಡು ಬಂದು, ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಮನೆಯಿಂದ ಹಾಲಿನ ಅಂಗಡಿಯವರೆಗೆ ಅದರ ಕೈ ಹಿಡಿದು ನಡೆಸುವುದು. ದೊಡ್ಡವರ ಐದು ನಿಮಿಷದ ದಾರಿಗೆ ಅದು ಇಪ್ಪತ್ತು ನಿಮಿಷ ಹಿಡಿಯಲಿ, ಚಿಂತೆಯಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಲ ಅದನ್ನು ಗಾಬರಿಯಿಂದ ಎತ್ತಿಕೊಳ್ಳಬೇಕಾಯಿತು ಎಂದು ಎಣಿಸಿದರೆ ಆಯಿತು. ಓಣಿಯ ಗುಣ ಅದರಲ್ಲೇ ತಿಳಿಯುತ್ತದೆ.

ಮನೆ ಎಲ್ಲಿ ಸಿಕ್ಕರೂ ಹಲಸಿಯ ದಾರಿ ಮುಚ್ಚುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಅಜ್ಜಿಯರ ಓಡಾಟಕ್ಕೆ ಟಿಕೆಟ್ಟಿನ ಚಿಂತೆ ತಪ್ಪಿತು. ಶನಿವಾರ ಸಂಜೆ ಖಾನಾಪುರದ ಬಸ್ಸಿನಲ್ಲಿ ಕಾಲೇಜು ಹುಡುಗನ ಬಗಲಲ್ಲಿ ಪುಸ್ತಕದ ಚೀಲ, ಅಜ್ಜಿಯ ತೊಡೆಯ ಮೇಲೆ ಕೂಸು ಇರುವುದು ಸಾಮಾನ್ಯ ನೋಟ. ಪಲಾಶಿಕೆಯ ಅರಸ ಯತಿಗಳಿಗಾಗಿ ಯೋಚಿಸಿದ್ದು ಮಳೆಯ ನಾಲ್ಕು ತಿಂಗಳನ್ನು ಕುರಿತು. ಕೂಸಿಗಾಗಿ ಮನೆ ನೋಡುವ ತಂದೆತಾಯಿಯೂ ಆ ನಾಲ್ಕು ತಿಂಗಳನ್ನೇ ಮೊದಲು ಲೆಕ್ಕಕ್ಕೆ ಹಿಡಿದರೆ, ಉಳಿದ ಎಂಟು ತಿಂಗಳು ತಾವಾಗಿ ಸಾಗುತ್ತವೆ.