ಚಿನ್ನದ ಮುಖಕ್ಕೆ ಕಲ್ಲಿನ ಕಣ್ಣು

ದುಬೈಯಲ್ಲಿರುವ ಅಳಿಯನ ಒತ್ತಾಯಕ್ಕೆ ಮಣಿದು ನಾನೂ ನನ್ನ ಹೆಂಡತಿಯೂ ಈಜಿಪ್ಟಿಗೆ ಹೋಗಿಬಂದೆವು. ಕೈರೋ ನಗರಕ್ಕೆ ಅಂಟಿಕೊಂಡಿರುವ ಗೀಜಾದಲ್ಲಿ, ಪಿರಮಿಡ್ಡುಗಳ ಸಮೀಪ, 2025ರ ನವೆಂಬರಿನಲ್ಲಿ ಪೂರ್ಣವಾಗಿ ತೆರೆದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಇದೆ. ತುತಾಂಖಾಮನ್ ದೊರೆಯ ಚಿನ್ನದ ಮುಖವಾಡವನ್ನು ನಾವು ಕಂಡದ್ದು ಅಲ್ಲಿಯೇ.

ಸುಮಾರು 3,300 ವರ್ಷಗಳ ಹಿಂದೆ, ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡ ದೊರೆ ಈತ. 1922ರಲ್ಲಿ ಹೋವರ್ಡ್ ಕಾರ್ಟರ್ ಇವನ ಸಮಾಧಿಯನ್ನು ಪತ್ತೆಹಚ್ಚಿದರು. ಮಮ್ಮಿಯ ತಲೆಗೆ ತೊಡಿಸಿದ್ದ ಮುಖವಾಡ ಹೊರಜಗತ್ತಿಗೆ ಕಂಡದ್ದು 1925ರಲ್ಲಿ. ಎತ್ತರ 54 ಸೆಂಟಿಮೀಟರ್, ತೂಕ 10 ಕಿಲೋಗೂ ಮಿಗಿಲು.

ಸುತ್ತಲಿನವರು ಚಿನ್ನ ನೋಡುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಣ್ಣುಗಳು. ಬಿಳಿಗುಡ್ಡೆ ಬೆಣಚುಕಲ್ಲಿನದು. ಕರಿಗುಡ್ಡೆ ಆಬ್ಸಿಡಿಯನ್, ಅಂದರೆ ಲಾವಾರಸ ಬೇಗನೆ ತಣಿದು ಆದ ಕಪ್ಪು ಗಾಜು. ಹುಬ್ಬು, ಕಾಡಿಗೆಯ ಗೆರೆ ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲಿನವು. ಸತ್ತವನ ಚೇತನ ಮರಳಿ ಬಂದಾಗ ತನ್ನ ದೇಹವನ್ನು ಗುರುತಿಸಬೇಕೆಂಬುದು ಅವರ ನಂಬಿಕೆ. ಅದಕ್ಕೇ ಕಣ್ಣಿಗೆ ಜೀವಕಳೆ ಬರಲೆಂದು ಅದರ ಮೂಲೆಗಳಿಗೆ ಕೆಂಪು ಬಣ್ಣವನ್ನೂ ಹಚ್ಚಿದ್ದಾರೆ.

“ಕೆಂಪು ಎರಡು ಕೊನೆಗೂ ಇದೆಯಲ್ಲ, ನಮ್ಮ ಕಣ್ಣೂ ಹಾಗೇ ಇದೆಯೇನ್ರೀ?” ಎಂದಳು ಹೆಂಡತಿ.

28 ವರ್ಷ ಕರಿಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದವನು ನಾನು. ತಟ್ಟನೆ ಉತ್ತರ ಹೇಳಲಾಗಲಿಲ್ಲ!

ರಾತ್ರಿ ಹೋಟೆಲಿನ ಕನ್ನಡಿಯ ಮುಂದೆ ನಿಂತು ನೋಡಿದೆ. ಮೂಗಿನ ಕಡೆಯ ಮೂಲೆಯಲ್ಲಿ ಮಾತ್ರ ನಸುಗೆಂಪು ಬಣ್ಣದ ಪುಟ್ಟ ಉಬ್ಬು ಇದೆ. ಅದರ ಬಳಿಯಲ್ಲೇ, ರೆಪ್ಪೆಗಳ ಅಂಚಿನಲ್ಲಿ, ಕಣ್ಣೀರನ್ನು ಮೂಗಿಗೆ ಇಳಿಸುವ ಸಣ್ಣ ರಂಧ್ರಗಳಿವೆ. ಅತ್ತಾಗ ಮೂಗು ಸೋರುವುದು ಅದರಿಂದಲೇ. ಕಿವಿಯ ಕಡೆಯ ಮೂಲೆಯಲ್ಲಿ ಅಂಥ ಉಬ್ಬು ಇಲ್ಲ.

ಅಷ್ಟು ನಾಜೂಕಾಗಿ ಕಲ್ಲು ಕೂರಿಸಿದ ಅರಮನೆಯ ಕುಶಲಕರ್ಮಿ, ಚೆಂದ ಕಾಣಲೆಂದೋ ರೂಢಿಯೆಂದೋ ಎರಡೂ ಕಡೆ ಕೆಂಪು ಹಚ್ಚಿರಬೇಕು. ಅವನನ್ನು ನೋಡಿ ನಗುವ ಹಾಗಿಲ್ಲ. ನಾನೂ ಪಠ್ಯಪುಸ್ತಕ ನೋಡಿ ಚಿತ್ರ ಬರೆದೆನೇ ಹೊರತು ಕನ್ನಡಿ ನೋಡಿ ಬರೆದವನಲ್ಲ.

ಈಗ ನಮ್ಮ ತರಗತಿಯಲ್ಲಿ ಕಣ್ಣಿನ ಪಾಠಕ್ಕೆ ಮೊದಲು ಪುಟ್ಟ ಕನ್ನಡಿಯೊಂದು ಕೈಯಿಂದ ಕೈಗೆ ಹೋಗುತ್ತದೆ. ಮಕ್ಕಳೇ, ನೀವೂ ಇವತ್ತು ಒಮ್ಮೆ ನೋಡಿಕೊಳ್ಳಿ. ಅಪ್ಪ ಅಮ್ಮನ ಕಣ್ಣನ್ನೂ ಹತ್ತಿರದಿಂದ ನೋಡಿ, ಕಂಡದ್ದನ್ನು ಬರೆದಿಡಿ. ಪುಸ್ತಕ ತೆರೆಯುವುದು ಆಮೇಲಾಗಲಿ.