ಹಾಸಿಗೆ ಅಳೆಯದೆ ಕಾಲು ಚಾಚಿದ್ದು

ನಾವು ಮೂವರು. ಒಂದೇ ರೂಮು, ಒಂದೇ ಪ್ರಾಜೆಕ್ಟು, ಒಂದೇ ಕಂಪ್ಯೂಟರು. ಕಂಪ್ಯೂಟರ್ ಮೂವರದ್ದೂ ಅಂತ ಹೇಳ್ಕೊಂಡು ಓಡಾಡ್ತೀವಿ. ಆದ್ರೆ ಅದಕ್ಕೆ ದುಡ್ಡು ಕೊಟ್ಟಿದ್ದು ನಮ್ಮಲ್ಲಿ ಹಾಸನ ಕಡೆಯವನ ಅಪ್ಪ, ಆ ವರ್ಷ ಶುಂಠಿ ಮಾರಿ. ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, ಮುಂದೆ ಕೆಂಪು ಲೈಟು ಹೊಡೆಯೋ ಕ್ಯಾಬಿನೆಟ್ಟು. ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ. ಈ ಕಥೆ ಆ ಫ್ರೀ ಬಂದಿದ್ದರದ್ದು.

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವು ಆರಿಸಿಕೊಂಡಿದ್ದೂ ಶುಂಠಿಯನ್ನೇ. ಎಲೆಯ ಫೋಟೋ ನೋಡಿ ಎಲೆಚುಕ್ಕೆ ರೋಗ ಇದೆಯೋ ಇಲ್ಲವೋ ಅಂತ ಹೇಳೋ ಮಾಡೆಲ್. ದಸರಾ ರಜೆಯಲ್ಲಿ ಅವರ ಹೊಲದಲ್ಲೇ ಬಗ್ಗಿ ಬಗ್ಗಿ ಎರಡು ಸಾವಿರ ಫೋಟೋ ತೆಗೆದ್ವಿ. ಬರೀ ಪ್ರೊಸೆಸರಿನಲ್ಲಿ ಟ್ರೇನ್ ಮಾಡಕ್ಕೆ ಬಿಟ್ರೆ ರಾತ್ರಿ ಶುರು ಮಾಡಿದ್ದು ಬೆಳಗ್ಗೆ ಮೆಸ್ಸಿನ ತಿಂಡಿ ಮುಗಿದ್ರೂ ಅರ್ಧ ಆಗ್ತಿರಲಿಲ್ಲ. ಲ್ಯಾಬಿನ ಮಷಿನ್ನಿಗೆ ಉದ್ದ ಸರದಿ. ಗ್ರಾಫಿಕ್ಸ್ ಕಾರ್ಡ್ ಕೊಳ್ಳೋಣ ಅಂತ ತೀರ್ಮಾನ ಆಯ್ತು. ತಲೆಗೆ ಮೂರು ಸಾವಿರ ಹಾಕಿ, ಶನಿವಾರ ಬಸ್ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ್ವಿ. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್, 6 ಜಿಬಿ, ಒಂಬತ್ತು ಸಾವಿರಕ್ಕೆ ಸಿಕ್ತು.

ನಾವೇನು ವಿಚಾರ ಮಾಡದೆ ತಂದವರಲ್ಲ. ಆ ಕಾರ್ಡಿಗೆ 450 ವ್ಯಾಟಿನ ಎಸ್‌ಎಂಪಿಎಸ್ ಬೇಕು ಅಂತ ಕಂಪನಿಯೇ ಹೇಳುತ್ತೆ. ನಮ್ಮ ಎಸ್‌ಎಂಪಿಎಸ್ ಮೇಲೆ ದಪ್ಪ ಅಕ್ಷರದಲ್ಲಿ 450 ಅಂತ ಇತ್ತು. ಸರಿಹೋಯ್ತಲ್ಲ! ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರು ಮಾತ್ರ ನಮ್ಮದರಲ್ಲಿ ಇರಲಿಲ್ಲ. ಹಳೇ ಕಾಲದ ಮೋಲೆಕ್ಸ್ ಪಿನ್ನನ್ನ ಎಂಟು ಪಿನ್ನಿಗೆ ಬದಲಾಯಿಸೋ ಅಡಾಪ್ಟರ್ ನೂರೈವತ್ತು ರೂಪಾಯಿಗೆ ಸಿಕ್ತು. ಎಸ್‌ಎಂಪಿಎಸ್ಸಿನಲ್ಲಿ ಆ ವೈರೇ ಇಲ್ಲ ಅಂದ್ರೆ, 'ನನ್ನ ಕೈಲಿ ಅಷ್ಟು ಆಗಲ್ಲಪ್ಪ' ಅಂತ ಅದು ತಾನಾಗೇ ಹೇಳ್ತಿದೆ ಅಂತ ನಮಗೆ ಹೊಳೀಲೇ ಇಲ್ಲ.

ರೂಮಿಗೆ ಬಂದು ಹಾಕಿದ್ವಿ. ಆನ್ ಆಯ್ತು. ಕುಣಿದಾಡಿದ್ವಿ. ಟ್ರೇನಿಂಗ್ ಶುರು ಮಾಡಿದ್ವಿ. ಆರೇಳು ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗಿ ಕಂಪ್ಯೂಟರ್ ಪೂರ್ತಿ ಆಫ್. ಮತ್ತೆ ಆನ್, ಮತ್ತೆ ಆಫ್. ಡ್ರೈವರ್ ತೆಗೆದು ಹಾಕಿದ್ವಿ, ವಿಂಡೋಸ್ ಹೊಸದಾಗಿ ಹಾಕಿದ್ವಿ, ಕೋಡಿನಲ್ಲಿ ತಪ್ಪು ಹುಡುಕಿದ್ವಿ. ನಾಲ್ಕನೇ ಸಲ ಆಫ್ ಆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮುಟ್ಟಿ ನೋಡಿದ್ರೆ ಅಡಾಪ್ಟರ್ ಕೈ ಸುಡ್ತಿತ್ತು, ಅದರ ಬಿಳಿ ತುದಿ ಹಳದಿಯಾಗಿ ಮೆತ್ತಗಾಗಿತ್ತು. ಪ್ಲಗ್ ಕಿತ್ತು ಮೂವರೂ ಸುಮ್ಮನೆ ಕೂತ್ವಿ.

ಅಷ್ಟರಲ್ಲಿ ಊರಿಂದ ಫೋನು. "ಕಂಪ್ಯೂಟ್ರು ಚೆನ್ನಾಗೈತೇನಪ್ಪ? ಶುಂಠಿದು ಕೆಲಸ ಎಲ್ಲಿಗ್ ಬಂತು?" "ಚೆನ್ನಾಗೈತೆ ಕಣಪ್ಪ" ಅಂದ ನಮ್ಮವನು, ಬಿಚ್ಚಿಟ್ಟ ಕ್ಯಾಬಿನೆಟ್ ನೋಡ್ತಾ. ಫೋನಿಟ್ಟ ಮೇಲೆ ಮೊದಲು ಮಾಡಿದ ಕೆಲಸ ಅಂದ್ರೆ ಹಾರ್ಡ್ ಡಿಸ್ಕ್ ಬಿಚ್ಚಿ, ಪಕ್ಕದ ರೂಮಿನವರ ಕಂಪ್ಯೂಟರಿಗೆ ಹಾಕಿ, ಎರಡು ಸಾವಿರ ಫೋಟೋ ಕಾಪಿ ಮಾಡ್ಕೊಂಡಿದ್ದು. ಆಮೇಲೆ ಎಸ್‌ಎಂಪಿಎಸ್ ಹೊರಗೆ ತೆಗೆದು, ಮೊಬೈಲ್ ಟಾರ್ಚ್ ಹಾಕಿ, ಸ್ಟಿಕ್ಕರಿನ ಸಣ್ಣ ಅಕ್ಷರ ಓದಿದ್ವಿ.

ಎಸ್‌ಎಂಪಿಎಸ್ಸಿಂದ 3.3, 5, 12 ವೋಲ್ಟ್ ಅಂತ ಬೇರೆ ಬೇರೆ ಲೈನು ಬರುತ್ತೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಉಣ್ಣೋದು 12 ವೋಲ್ಟಿನಿಂದ. ನಮ್ಮದರಲ್ಲಿ ಆ ಸಾಲಿನ ಮುಂದೆ ಇದ್ದದ್ದು 16 ಆಂಪಿಯರ್. ಹನ್ನೆರಡು ಹದಿನಾರ್ಲಿ 192 ವ್ಯಾಟ್. ಎಲ್ಲಾ ಲೈನು ಕೂಡಿಸಿದ್ರೂ 450 ಬರಲಿಲ್ಲ. ಅದು ವ್ಯಾಟೇ ಅಲ್ಲ, ಮಾಡೆಲ್ ನಂಬರು! ಈಗ ಖರ್ಚಿನ ಕಡೆ ನೋಡಿ: ಕಾರ್ಡಿಗೆ 125 ವ್ಯಾಟ್, ಪ್ರೊಸೆಸರಿಗೆ 65, ಬೋರ್ಡು, ಡಿಸ್ಕು, ಫ್ಯಾನು ಸೇರಿ ಒಂದು 40 ಅಂತ ಇಟ್ಕೊಂಡ್ರೂ 230. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡೋದು ಹೆಚ್ಚೆಂದರೆ 75 ವ್ಯಾಟ್. ಉಳಿದದ್ದೆಲ್ಲ ಆ ತೆಳು ಅಡಾಪ್ಟರಿನ ಮೂಲಕವೇ ಹರೀಬೇಕು. ವೋಲ್ಟನ್ನ ಆಂಪಿಯರಿನಿಂದ ಗುಣಿಸಿದ್ರೆ ವ್ಯಾಟ್ ಅಂತ ಹತ್ತನೇ ಕ್ಲಾಸಿಂದ ಬರೀತಾ ಬಂದಿದ್ದೀವಿ. ಅದನ್ನ ಸ್ವಂತ ಕಂಪ್ಯೂಟರ್ ಮೇಲೆ ಒಂದು ಸಲವೂ ಹಾಕಿ ನೋಡಿರಲಿಲ್ಲ.

ಮುಂದಿನ ಶನಿವಾರ ಅದೇ ಅಂಗಡಿಗೆ ಹೋದ್ವಿ. ಅಂಗಡಿಯಣ್ಣ ಕರಗಿದ ಅಡಾಪ್ಟರ್ ನೋಡಿ, "ಬಚಾವಾದ್ರಿ. ಇಂಥ ಎಸ್‌ಎಂಪಿಎಸ್ ಹೋಗುವಾಗ ಒಂದೇ ಹೋಗಲ್ಲ, ಬೋರ್ಡು, ಡಿಸ್ಕು ಎಲ್ಲಾ ಜೊತೆಗೆ ಕರ್ಕೊಂಡು ಹೋಗ್ತದೆ" ಅಂದ್ರು. ಕಾರ್ಡು ಇಟ್ಟುಕೊಂಡು ಒಳ್ಳೆ ಎಸ್‌ಎಂಪಿಎಸ್ ತಗೊಳ್ಳೋಕೆ ದುಡ್ಡಿರಲಿಲ್ಲ. ಬಸ್ ಚಾರ್ಜು ಬಿಟ್ರೆ ಜೇಬಲ್ಲಿದ್ದದ್ದು ಆರುನೂರು. ಕೊನೆಗೆ ಅವರು 1660ನ್ನ ಎಂಟು ಸಾವಿರಕ್ಕೆ ವಾಪಸ್ ತಗೊಂಡ್ರು. ಆರು ಸಾವಿರಕ್ಕೆ ಜಿಟಿಎಕ್ಸ್ 1650 ಕೊಟ್ರು. 4 ಜಿಬಿ, 75 ವ್ಯಾಟ್, ಪಿನ್ನಿನ ರಗಳೆ ಇಲ್ಲ, ಸ್ಲಾಟಿನಿಂದಲೇ ಓಡೋದು. ಉಳಿದ ಎರಡು ಸಾವಿರ, ಜೇಬಿನ ಆರುನೂರು ಸೇರಿಸಿ 80 ಪ್ಲಸ್ ಗುರುತಿನ ಎಸ್‌ಎಂಪಿಎಸ್ ತಗೊಂಡ್ವಿ. ಗೋಡೆಯಿಂದ ಎಳೆದ ಕರೆಂಟು ವ್ಯರ್ಥ ಆಗದೆ ಎಷ್ಟು ಕಂಪ್ಯೂಟರಿಗೆ ಸೇರುತ್ತೆ ಅನ್ನೋದರ ಗುರುತು ಅದು. ಆ ಪರೀಕ್ಷೆಯನ್ನ ಪೂರ್ತಿ ಲೋಡ್ ಹಾಕಿಯೂ ಮಾಡ್ತಾರೆ. ಇದರ ಮೇಲೂ 450 ಅಂತಾನೇ ಇತ್ತು. ಆದ್ರೆ 12 ವೋಲ್ಟಿನ ಮುಂದೆ 36 ಆಂಪಿಯರ್, ಅಂದ್ರೆ 432 ವ್ಯಾಟ್. ನಂಬರು ಅದೇ, ಶಕ್ತಿ ಎರಡರಷ್ಟಕ್ಕಿಂತ ಜಾಸ್ತಿ.

ಬಸ್ಸಿನಲ್ಲಿ ಬರುವಾಗ ಹೊಟ್ಟೆ ಉರಿದಿದ್ದು ಒಂದಕ್ಕೇ. ಇದನ್ನ ಮೊದಲೇ ಕೊಂಡಿದ್ರೆ ಆ 1660 ಕೂಡ ಆರಾಮಾಗಿ ಓಡ್ತಿತ್ತು. ಮೊದಲು ಎಸ್‌ಎಂಪಿಎಸ್, ಆಮೇಲೆ ದುಡ್ಡು ಕೂಡಿದಾಗ ಕಾರ್ಡು. ನಾವು ಉಲ್ಟಾ ಹೋದ್ವಿ, ಒಂದು ಸಾವಿರವೂ ಹೋಯ್ತು, ಮೇಲೆ 2 ಜಿಬಿಯೂ ಹೋಯ್ತು.

ಮೆಮೊರಿ ಸಾಲದೆ ಒಂದೊಂದು ಸಲಕ್ಕೆ 32ರ ಬದಲು 16 ಫೋಟೋ ಕೊಡಬೇಕಾಯ್ತು. ನಿಧಾನ. ಆದ್ರೆ ರಾತ್ರಿ ಹತ್ತಕ್ಕೆ ಬಿಟ್ಟಿದ್ದು ಬೆಳಗಿನ ತನಕ ಒಂದು ಸಲವೂ ನಿಲ್ಲಲಿಲ್ಲ. ಪಾಳಿ ಹಾಕಿಕೊಂಡು ವೈರು ಮುಟ್ಟಿ ಮುಟ್ಟಿ ನೋಡಿದ್ವಿ, ತಣ್ಣಗಿತ್ತು. ಬೆಳಗ್ಗೆ ನಮ್ಮವನು ತಾನಾಗೇ ಊರಿಗೆ ಫೋನ್ ಮಾಡಿ, ಆಗಿದ್ದನ್ನೆಲ್ಲ ಹೇಳಿದ. ಆ ಕಡೆಯಿಂದ ಬೈಗುಳ ಬರಲಿಲ್ಲ. "ಮೋಟ್ರು ಎಷ್ಟು ಎಚ್‌ಪಿ ಅಂತ ನೋಡ್ದೆ ವೈರ್ ಎಳೀತಾರೇನೋ?" ಅಂದ್ರಂತೆ. ಬೋರ್‌ವೆಲ್ ಮೋಟ್ರು ಎರಡು ಸಲ ಸುಟ್ಟು ಕಲಿತವರು ಅವರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳ್ತಾರೆ, ಹಾಸಿಗೆ ಅಳೆಯೋದು ಹೇಗೆ ಅಂತ ಯಾರೂ ಹೇಳಲ್ಲ. ಈಗ ಜೂನಿಯರ್‌ಗಳು ಬಂದು "ಅಣ್ಣಾ, ಯಾವ ಕಾರ್ಡ್ ತಗೊಳ್ಳೋದು?" ಅಂತ ಕೇಳಿದ್ರೆ ನಾವು ಕಾರ್ಡಿನ ಹೆಸರೇ ಎತ್ತಲ್ಲ. ಕಿಟಕಿ ಮೇಲಿಟ್ಟಿರೋ ಹಳೇ ಎಸ್‌ಎಂಪಿಎಸ್ ತೋರಿಸಿ, ನಿಮ್ಮದರಲ್ಲಿ 12 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಇದೆ ಓದ್ಕೊಂಡು ಬನ್ನಿ ಅಂತೀವಿ. ಸ್ಕ್ರೂಡ್ರೈವರ್ ಇಲ್ಲ ಅಂದ್ರೆ ನಮ್ಮ ಹತ್ರ ಇದೆ, ತಗೊಂಡು ಹೋಗಿ.