ಎಂಜಿನ್ನಿನ ಮೂಗು

ಉಣ್ಣುವ ಅನ್ನದ ವಿಷಯದಲ್ಲಿ ನಾವು ತೋರಿಸುವ ಆಸ್ಥೆಯನ್ನು ಸೇವಿಸುವ ಗಾಳಿಯ ವಿಷಯದಲ್ಲಿ ತೋರಿಸುವುದಿಲ್ಲ. ಅನ್ನದಲ್ಲಿ ಒಂದು ಹರಳು ಸಿಕ್ಕರೆ ತಾಟು ಸರಿಸಿ ಏಳುವ ಗೃಹಸ್ಥನೇ ಧೂಳು ಹಾರುವ ಬೀದಿಯಲ್ಲಿ ನಿಂತು ತಾಸುಗಟ್ಟಲೆ ರಾಜಕಾರಣವನ್ನು ಚರ್ಚಿಸಬಲ್ಲ. ಅಕ್ಕಿಗೆ ದುಡ್ಡು ಕೊಟ್ಟಿರುತ್ತೇವೆ, ಗಾಳಿ ಪುಕ್ಕಟೆ. ಪುಕ್ಕಟೆ ಬಂದದ್ದನ್ನು ಸೋಸಿ ನೋಡುವ ರೂಢಿ ಲೋಕದಲ್ಲಿಲ್ಲ. ಆದರೆ ಯಂತ್ರದ ಸಂಗತಿ ಬೇರೆ. ಯಂತ್ರಕ್ಕೆ ರೊಕ್ಕ ಬಿದ್ದಿರುತ್ತದಾದ್ದರಿಂದ ಅದು ಎಳೆದುಕೊಳ್ಳುವ ಗಾಳಿಗೂ ಒಂದು ಜಾಳಿಗೆ, ಒಂದು ಪೆಟ್ಟಿಗೆ, ಒಂದು ಉಪಚಾರ ಉಂಟು.

ಈ ಉಪಚಾರದ ವಿಚಾರವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ನಮ್ಮೂರಿನ ಅಂಗಳದಲ್ಲಿ. ನಮ್ಮ ಊರು ಸುಳ್ಳ. ಹುಬ್ಬಳ್ಳಿ ತಾಲೂಕಿನ ಈ ಹೆಸರನ್ನು ಹೇಳಿದಾಗ ಹೊಸಬರು ಸಣ್ಣಗೆ ನಗುತ್ತಾರೆ. ನಗಲಿ. ಹೆಸರು ಏನೇ ಇರಲಿ, ನಮ್ಮ ಧೂಳು ಮಾತ್ರ ಸತ್ಯವಾದದ್ದು. ಎರೆಭೂಮಿಯ ಗುಣ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮೆಟ್ಟಿದವನ ಕಾಲು ಬಿಡದ ಮಣ್ಣು, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟು, ಮೇಲ್ಪದರು ಹಿಟ್ಟಾಗಿ, ಒಂದು ಬಂಡಿ ಹೋದರೆ ಓಣಿಯನ್ನೆಲ್ಲ ಮುಚ್ಚುತ್ತದೆ.

ಇಂಥ ಊರಿಗೆ ನಮ್ಮ ಅಣ್ಣನ ಮಗ ಒಂದು ರವಿವಾರ ತನ್ನ ಕಾರಿನೊಡನೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದ. ಅದರೊಳಗೆ ಕೈಯಷ್ಟು ದಪ್ಪದ ಒಂದು ಅಲ್ಯುಮಿನಿಯಂ ಕೊಳವೆ, ತಿರುವಿಟ್ಟ ದೀಪದ ಚಿಮಣಿಯಂಥ ಒಂದು ಕೆಂಪು ಶಂಕು, ನಾಲ್ಕಾರು ಕ್ಲಾಂಪು ಇದ್ದವು.

“ಕಾಕಾ, ಕಂಪನಿಯವರು ಎಂಜಿನ್ನಿನ ಮೂಗು ಕಟ್ಟಿ ಕಳಿಸ್ಯಾರ್ರಿ. ಇದನ್ನ ಹಾಕಿದರ ಮನಸಾರೆ ಉಸಿರು ತಗೋತೈತಿ,” ಎಂದ.

ಕನ್ನಡ ಪಾಠ ಹೇಳುವವನಿಗೆ ಉಪಮೆಯೆಂದರೆ ಕಿವಿ ನಿಮಿರುತ್ತದೆ. ನಾನು ಕುರ್ಚಿಯನ್ನು ಕಾರಿನ ಹತ್ತಿರ ಎಳೆದುಕೊಂಡು ಕುಳಿತೆ. ಹುಡುಗ ಬ್ಯಾಟರಿಯ ತಂತಿ ಬಿಚ್ಚಿದ. ಹತ್ತು ನಂಬರಿನ ಪಾನಾದಿಂದ ಹಳೆಯ ಕರೀ ಪೆಟ್ಟಿಗೆಯ ಬೋಲ್ಟುಗಳನ್ನು ತೆಗೆದ. ಬರುವ ಗಾಳಿಯ ಲೆಕ್ಕವನ್ನು ಎಂಜಿನ್ನಿಗೆ ತಿಳಿಸುವ ಸಣ್ಣ ಸೆನ್ಸರನ್ನು ಹಗುರವಾಗಿ ಬಿಡಿಸಿ ಬಟ್ಟೆಯಲ್ಲಿ ಸುತ್ತಿಟ್ಟ. ಕೆಲಸ ಮಾಡುತ್ತಲೇ ನನಗೆ ಪಾಠ ಹೇಳಿದ. ಎಂಜಿನ್ನು ಮೊದಲು ಗಾಳಿಯನ್ನೆಳೆಯುತ್ತದೆ, ಆಮೇಲೆ ಒತ್ತುತ್ತದೆ, ಆಮೇಲೆ ಉರಿಯುತ್ತದೆ, ಕೊನೆಗೆ ಹೊರದೂಡುತ್ತದೆ. “ಹಾಗಾದರೆ ಪೂರಕ, ಕುಂಭಕ, ರೇಚಕ, ನಡುವೆ ಒಂದು ಬೆಂಕಿ,” ಎಂದೆ ನಾನು. “ಹೌದ್ರಿ, ಆ ಬೆಂಕಿಯಿಂದಲೇ ಗಾಡಿ ಓಡತೈತಿ,” ಎಂದ. ಯೋಗಿಗೂ ಎಂಜಿನ್ನಿಗೂ ಒಂದು ಕ್ರಿಯೆಯ ಅಂತರವೆಂದು ನನಗೆ ಹೊಳೆದದ್ದು ಅಂದೇ.

ಅವನು ಹೇಳಿದ ಲೆಕ್ಕವೊಂದು ನನ್ನನ್ನು ಬಹಳ ಹೊತ್ತು ಕಾಡಿತು. ಒಂದು ತೂಕದ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 14.7 ತೂಕದ ಗಾಳಿ ಬೇಕಂತೆ. ಕಾಗದ ಹಿಡಿದು ಗುಣಿಸಿದೆ. ಒಂದು ಲೀಟರ್ ಪೆಟ್ರೋಲಿಗೆ 9 ಸಾವಿರ ಲೀಟರಿನಷ್ಟು ಗಾಳಿಯಾಯಿತು. ಸುಮ್ಮನೆ ಕುಳಿತ ಮನುಷ್ಯ ಒಂದು ಹಗಲು ಒಂದು ರಾತ್ರಿ ಸೇದುವ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ. ಹುಬ್ಬಳ್ಳಿಯ ಪೇಟೆಗೆ ಹೋಗಿಬರುವಷ್ಟರಲ್ಲಿ ಕಾರು ಒಬ್ಬ ಮನುಷ್ಯನ ಒಂದು ದಿನದ ಉಸಿರನ್ನು ಮುಗಿಸಿ ಇನ್ನೂ ಬೇಡುತ್ತದೆ.

ಇಷ್ಟು ಗಾಳಿ ಬೇಕೆಂದ ಮೇಲೆ ಬಾಗಿಲು ದೊಡ್ಡದಾಗಲಿ ಎಂಬ ಹುಡುಗನ ವಾದ ಸರಿಯಾಗಿಯೇ ಕಾಣುತ್ತದೆ. ಆದರೆ ಊರೊಳಗೆ ನಿಧಾನವಾಗಿ ಹೋಗುವಾಗ ಎಂಜಿನ್ನಿನ ಒಳಬಾಗಿಲೇ ಮುಕ್ಕಾಲು ಮುಚ್ಚಿರುತ್ತದೆ. ಒಳಬಾಗಿಲು ಮುಚ್ಚಿಕೊಂಡು ಹೆಬ್ಬಾಗಿಲು ಅಗಲ ಮಾಡಿಸಿದರೆ ಬರುವ ನೆಂಟರು ಹೆಚ್ಚಾಗುವುದಿಲ್ಲ. ಕಾರಿನ ಮುಂದೆ ಬಯಲ ಹೆದ್ದಾರಿ ಬಿದ್ದಿದ್ದು, ಕಾಲು ಪೂರ್ತಿ ಒತ್ತಿದಾಗ ಮಾತ್ರ ಒಂದಿಷ್ಟು ಲಾಭ. ಅದೂ ತಂಪುಗಾಳಿ ಸಿಕ್ಕರೆ. ಕಾದ ಗಾಳಿ ತೆಳು. 30 ಡಿಗ್ರಿಯ ಗಾಳಿ ಬಾನೆಟ್ಟಿನೊಳಗೆ 60 ಡಿಗ್ರಿಗೆ ಕಾದರೆ ಅದೇ ಜಾಗದಲ್ಲಿ ನೂರಕ್ಕೆ ಒಂಬತ್ತು ಪಾಲು ಕಡಿಮೆ ಗಾಳಿ ಹಿಡಿಯುತ್ತದೆ. ಹಳೆಯ ಪೆಟ್ಟಿಗೆ ಹೊರಗಿನ ಗಾಳಿಯನ್ನು ತರುತ್ತಿತ್ತು, ಧೂಳನ್ನು ತಡೆಯುತ್ತಿತ್ತು, ಮೇಲಾಗಿ ಸಪ್ಪಳವನ್ನೂ ನುಂಗುತ್ತಿತ್ತು. ಹೊಸ ಶಂಕು ಸಪ್ಪಳ ನುಂಗುವುದಿಲ್ಲ. ಗಾಡಿ ಚಾಲೂ ಆದಾಗ ಹುಲಿ ಮೂಸಿದಂಥ ಒಂದು ಶಬ್ದ ಬಂತು. ಹುಡುಗನ ಮುಖ ಅರಳಿತು. ಶಕ್ತಿ ಹೆಚ್ಚಾಯಿತೋ ಇಲ್ಲವೋ, ಹೆಚ್ಚಾಯಿತೆಂದು ಕಿವಿಗೆ ನಂಬಿಕೆ ಬಂತು. ಲೋಕದಲ್ಲಿ ಎಷ್ಟೋ ಭಾಷಣಗಳ ಗುಟ್ಟೂ ಇದೇ ಅಲ್ಲವೇ?

ಅಷ್ಟರಲ್ಲಿ ಅಣ್ಣ ಹೊಲದಿಂದ ಬಂದ. ಕೆಮ್ಮುತ್ತ ಬಾನೆಟ್ಟಿನೊಳಗೆ ಬಗ್ಗಿ, ಶಂಕುವಿನ ಮಡಿಕೆಗಳನ್ನು ಬೆರಳಿನಿಂದ ಮುಟ್ಟಿ, “ಅರೇ, ಇದು ಹತ್ತಿ!” ಎಂದ. ನಿಜವೇ. ತಂತಿಯ ಜಾಲರಿಗಳ ನಡುವೆ ಹತ್ತಿಯ ತೆಳುಬಟ್ಟೆಯ ಪದರಿಟ್ಟು, ಎಣ್ಣೆ ಸವರಿ ಇದನ್ನು ಮಾಡುತ್ತಾರೆ. ಧೂಳು ಎಣ್ಣೆಗೆ ಅಂಟಿ ಉಳಿಯುತ್ತದೆ. 1969ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕೆ ಅಂಡ್ ಎನ್ ಎಂಬ ಸಂಸ್ಥೆ ಈ ಬಗೆಯ ಜಾಳಿಗೆಗೆ ಹೆಸರಾಯಿತು. ನಮ್ಮ ಧಾರವಾಡದ ಸೀಮೆಗೆ 1840ರ ದಶಕದಲ್ಲಿ ಅಮೇರಿಕದ ಹತ್ತಿಬೀಜ ಬಂದಿತ್ತು. ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನ ಹತ್ತಿಯೇ ಆಗ ಪೇಟೆಯಲ್ಲಿತ್ತು. ನಮ್ಮ ತಂದೆಯವರು ಬಿತ್ತುತ್ತಿದ್ದದ್ದು ಜಯಧರ. ಹತ್ತಿಯ ಊರಿಗೆ ಹತ್ತಿಯೇ ಕೆಂಪು ಶಂಕುವಿನ ವೇಷದಲ್ಲಿ ತಿರುಗಿ ಬಂದಂತಾಯಿತು.

ಅಣ್ಣನಿಗೆ ಈ ಇತಿಹಾಸ ಬೇಡವಾಗಿತ್ತು. “ಇದರ ಬಾಯಿ ಎತ್ತಾಗ ಐತಿ?” ಎಂದು ಕೇಳಿದ. ಹುಡುಗ ತೋರಿಸಿದ. “ಅಲ್ಲೋ, ನಮ್ಮ ಟ್ರ್ಯಾಕ್ಟರು ತಲಿ ಮ್ಯಾಲೆ ಮೂಗು ಎತ್ತಿ ನಿಂತೈತಿ. ಯಾಕಂತ ಮಾಡೀದಿ? ಮ್ಯಾಲಿನ ಗಾಳಿಯೊಳಗ ಧೂಳ ಕಮ್ಮಿ. ನೀ ಗಾಲಿ ಮಗ್ಗಲಕ್ಕ ಮೂಗು ಇಟ್ಟೀದಿ.”

ಅಣ್ಣ ಮೂವತ್ತು ವರ್ಷ ಟ್ರ್ಯಾಕ್ಟರು ನಡೆಸಿದವನು. ರಾಶಿ ಮಶೀನಿಗೆ ಅದನ್ನು ಜೋಡಿಸಿ ಸುತ್ತಲಿನ ಊರುಗಳ ಜೋಳ, ಕಡಲೆ, ಹೆಸರು ಎಲ್ಲ ಒಕ್ಕಿಕೊಟ್ಟವನು. ಆ ಟ್ರ್ಯಾಕ್ಟರಿನ ಗಾಳಿಯು ಮೊದಲು ಒಂದು ಎಣ್ಣೆಯ ಬಟ್ಟಲಿಗೆ ಬಡಿದು, ಧೂಳನ್ನು ಅಲ್ಲಿ ಬಿಟ್ಟು, ಉಕ್ಕಿನ ಎಳೆಗಳ ಜಾಲದೊಳಗಿಂದ ಹಾಯ್ದು ಒಳಗೆ ಹೋಗುತ್ತದೆ. ರಾಶಿಯ ದಿನಗಳಲ್ಲಿ ಅಣ್ಣ ದಿನಾಲು ಸಂಜೆ ಆ ಬಟ್ಟಲನ್ನು ಬಿಚ್ಚಿ ತಳದ ಕೆಸರನ್ನು ಚೆಲ್ಲಿ ಹೊಸ ಎಣ್ಣೆ ಹಾಕುತ್ತಿದ್ದ. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆಯಲ್ಲಿ ಕಲಸಿಕೊಂಡರೆ ಸಾಣೆಯ ಪುಡಿಯಾಗಿ ಸಿಲಿಂಡರನ್ನೂ ರಿಂಗುಗಳನ್ನೂ ಸವೆಸುತ್ತದೆ. ಪುಸ್ತಕ ಓದದೆ ಅಣ್ಣ ಇದನ್ನೆಲ್ಲ ಬಲ್ಲ.

ಹದಿನೈದು ದಿನದ ಮೇಲೆ ಅವನೇ ಪರೀಕ್ಷೆ ಮಾಡಿದ. ಹೆಗಲ ಮೇಲಿನ ಬಿಳೀ ವಸ್ತ್ರದ ಚುಂಗನ್ನು ಬೆರಳಿಗೆ ಸುತ್ತಿ, ಶಂಕುವನ್ನು ಕಳಚಿ, ಅದರ ಹಿಂದಿನ ಕೊಳವೆಯ ಒಳಗೋಡೆಗೆ ತಿರುಗಿಸಿದ. ವಸ್ತ್ರದ ಮೇಲೆ ಒಂದು ಕರೀ ಗೆರೆ ಮೂಡಿತು. ಹತ್ತಿಯ ದೋಷವಲ್ಲ, ಕ್ಲಾಂಪು ಸೊಟ್ಟ ಕುಳಿತು ಕೂದಲೆಳೆಯಷ್ಟು ಸಂದು ಉಳಿದಿತ್ತು. ಜಾಳಿಗೆ ಎಷ್ಟು ಉತ್ತಮವಾದರೇನು, ಸೋಸದ ಗಾಳಿಗೆ ಒಂದು ಸಂದು ಸಾಕು. ಹುಡುಗ ಎರಡನೆಯ ಮಾತಾಡದೆ ಸುಗ್ಗಿ ಮುಗಿಯುವ ತನಕ ಹಳೆಯ ಪೆಟ್ಟಿಗೆಯನ್ನೇ ಕೂಡಿಸಿದ.

ಅಣ್ಣನ ಕೆಮ್ಮು ಮಾತ್ರ ನಿಲ್ಲಲಿಲ್ಲ. ಹುಬ್ಬಳ್ಳಿಯ ವೈದ್ಯರು ಊದಿಸಿ ನೋಡಿ, ಉಸಿರಿನ ನಾಳಗಳು ಕಿರಿದಾಗಿವೆ, ಇನ್ನು ಧೂಳಿನ ಹತ್ತಿರ ಹೋಗಬಾರದು ಎಂದರು. ದಪ್ಪ ಧೂಳನ್ನು ಮೂಗೇ ತಡೆಯುತ್ತದೆ. ನಯವಾದದ್ದು ನೇರವಾಗಿ ಪುಪ್ಪುಸದ ತಳಕ್ಕೆ ಇಳಿಯುತ್ತದೆ, ಮೂಗಿಗೆ ಸುತ್ತಿದ ವಸ್ತ್ರ ಅದಕ್ಕೆ ಅಡ್ಡವಲ್ಲ ಎಂದು ತಿಳಿಸಿದರು. ಬರುವಾಗ ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣನೇ ಅಂದ: “ಟ್ರ್ಯಾಕ್ಟರಿನ ಮೂಗು ದಿನಾ ತೊಳದೇನಿ, ತಮ್ಮಾ. ನಂದೂ ಒಂದು ಐತಿ ಅನ್ನೂದು ನೆನಪ ಆಗಲಿಲ್ಲ.”

ಇದು ಒಬ್ಬ ಅಣ್ಣನ ಮರೆವಲ್ಲ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಹೊಸ ರಿಂಗು ಹಾಕಿಸಬಹುದು. ಅದಕ್ಕೂ ಒಂದು ದರವಿದೆ, ಆ ದರದ ಹೆದರಿಕೆಯಿಂದಲೇ ನಾವು ಬಟ್ಟಲು ತೊಳೆಯುತ್ತೇವೆ. ಪುಪ್ಪುಸಕ್ಕೆ ಬೋರಿಲ್ಲ, ರಿಂಗಿಲ್ಲ, ದರವೂ ಇಲ್ಲ. ದರವಿಲ್ಲದ್ದನ್ನು ಕಾಯುವುದು ನಮಗೆ ತಿಳಿಯದು. ಕಣಜ ತುಂಬುವ ಸಡಗರದಲ್ಲಿ ಮಶೀನಿನ ಬಾಯಿಗೆ ಪೆಂಡಿ ಕೊಡುವ ಕೂಲಿಯವಳ ಮೂಗನ್ನು ಯಾರು ನೋಡಿದ್ದಾರೆ?

ಈ ಸುಗ್ಗಿಗೆ ಹುಡುಗ ಒಂದು ಡಬ್ಬಿ ಎನ್-95 ಮುಖಗವಸು ತಂದುಕೊಟ್ಟ. 95 ಎಂದರೆ ಅತಿ ಸಣ್ಣ ಕಣಗಳಲ್ಲೂ ನೂರಕ್ಕೆ 95ನ್ನಾದರೂ ಹಿಡಿಯಬೇಕೆಂಬ ಕರಾರು. ಅದೂ ಸಂದಿಲ್ಲದಂತೆ ಮುಖಕ್ಕೆ ಕೂತರೆ. ಅಣ್ಣ ಈಗ ರಾಶಿಯ ಗಾಳಿಗೆ ಓರೆಯಾಗಿ ದೂರ ಕುಳಿತು, ಆರು ಜನ ಕೂಲಿಯವರೂ ಮೂಗು ಕಟ್ಟಿಕೊಂಡದ್ದನ್ನು ನೋಡಿದ ಮೇಲೆಯೇ “ಚಾಲೂ ಮಾಡು” ಎನ್ನುತ್ತಾನೆ. ಸೆಖೆಗೆ ಬೇಸತ್ತು ಅವರು ಅದನ್ನು ಗದ್ದಕ್ಕೆ ಜಾರಿಸುತ್ತಾರೆ; ಇವನು ಕೈ ಎತ್ತಿ ಮಶೀನು ನಿಲ್ಲಿಸುತ್ತಾನೆ. ಕೆಲಸ ತಡವಾಗುತ್ತದೆ, ಹೊಲದವರು ಗೊಣಗುತ್ತಾರೆ, ಡೀಸೆಲ್ಲಿನ ಲೆಕ್ಕ ಹೇಳುತ್ತಾರೆ. ಅಣ್ಣ ಉತ್ತರ ಕೊಡುವುದಿಲ್ಲ. ಆರನೆಯವಳೂ ಮುಖಗವಸನ್ನು ಮೇಲಕ್ಕೆಳೆದುಕೊಳ್ಳುವ ತನಕ ಕೈ ಇಳಿಸುವುದೂ ಇಲ್ಲ.